ಸಹಿ ಇಲ್ಲದ ಯಜಮಾನಿಕೆ: ಪತಿ ಗಡಿಯಲ್ಲಿದ್ದಾಗ ಮಂಡ್ಯ ಜಿಲ್ಲೆಯ ಒಂದು ಮನೆ, ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಪಾಂಡವಪುರ ತಾಲ್ಲೂಕಿನ ನಾಲಾ ಬಯಲಿನ ಹಳ್ಳಿಯೊಂದರಲ್ಲಿ ವಾಸಿಸುವ, ವಯಸ್ಸಿನಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಗೃಹಿಣಿಗೆ ಸಂಬಂಧಿಸಿದ್ದು. ಆಕೆಯ ಪತಿ ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರದಲ್ಲಿ ತರಬೇತಿ ಪಡೆದು ಭೂಸೇನೆಗೆ ಸೇರಿದವರು, ಈಗ ನಾಯಕ್ ದರ್ಜೆಯಲ್ಲಿದ್ದಾರೆ. 2024ರ ಆಗಸ್ಟ್‌ನಲ್ಲಿ ಅವರ ಘಟಕ ಕುಟುಂಬದೊಂದಿಗೆ ಇರಬಹುದಾದ ಪೀಸ್ ಸ್ಟೇಷನ್ ಬಿಟ್ಟು ಪೂರ್ವದ ಗಡಿಯ ಕಡೆಗೆ, ಕುಟುಂಬವನ್ನು ಕರೆದೊಯ್ಯಲಾಗದ ಫೀಲ್ಡ್‌ಗೆ ಹೊರಟಾಗ, ಅಲ್ಲಿಯವರೆಗೆ ಸೇನೆಯ ಕ್ವಾರ್ಟರ್ಸ್‌ನಲ್ಲಿ ಜೊತೆಗಿದ್ದ ಹೆಂಡತಿ ಮತ್ತು ಇಬ್ಬರು ಮಕ್ಕಳು ಊರಿಗೆ ಮರಳಿದರು. ಅಂದಿನಿಂದ 2025ರ ಕೊನೆಯವರೆಗಿನ ಸಂಗತಿಗಳನ್ನು ಇಲ್ಲಿ ದಾಖಲಿಸಿದ್ದೇನೆ. ಆಕೆಯ ಇಚ್ಛೆಯಂತೆ ಯಾರ ಹೆಸರನ್ನೂ, ಊರಿನ ಹೆಸರನ್ನೂ ಬರೆದಿಲ್ಲ.

ಸೈನಿಕರ ಹೆಂಡತಿಯರ ಕಷ್ಟ ಎಂದೊಡನೆ ನಾವು ಸಾಮಾನ್ಯವಾಗಿ ಒಂಟಿತನ ಮತ್ತು ಆತಂಕಗಳ ಬಗ್ಗೆ ಮಾತನಾಡುತ್ತೇವೆ. ಅವೆರಡೂ ಈ ಮನೆಯಲ್ಲಿ ಇದ್ದವು. ಆದರೆ ಮೈಸೂರಿನಲ್ಲಿ ಸಮಾಜಕಾರ್ಯದಲ್ಲಿ ತೊಡಗಿರುವ ನನಗೆ ಆಕೆಯೊಂದಿಗೆ ಮಾತನಾಡುತ್ತ ಹೋದಂತೆ ಮನವರಿಕೆಯಾದದ್ದು ಬೇರೊಂದು. ಮನೆ, ಜಮೀನು, ಮಕ್ಕಳ ಶಾಲೆ, ಅತ್ತೆಯ ಆರೋಗ್ಯ, ಕೊನೆಗೆ ನ್ಯಾಯಾಲಯದ ದಾವೆ, ಹೀಗೆ ಯಜಮಾನನ ಕೆಲಸಗಳೆಲ್ಲ ಆಕೆಯ ಹೆಗಲಿಗೆ ಬಂದಿದ್ದವು. ಆ ಯಾವ ಕೆಲಸಕ್ಕೂ ಬೇಕಾದ ಸಹಿಯ ಅಧಿಕಾರ ಮಾತ್ರ ಆಕೆಗೆ ಬಂದಿರಲಿಲ್ಲ. ಆಕೆಯನ್ನು ಹೆಚ್ಚು ದಣಿಸಿದ್ದು ಈ ಅಂತರ.

ಕುಟುಂಬ ಮತ್ತು ದಿನಚರಿ

ಮನೆಯಲ್ಲಿ ಈಗ ಇರುವವರು ಆಕೆ, ಮೂರನೆಯ ತರಗತಿಯ ಮಗಳು, ಅಂಗನವಾಡಿಗೆ ಹೋಗುವ ಮಗ ಮತ್ತು ಸಕ್ಕರೆ ಕಾಯಿಲೆಯಿರುವ ಅತ್ತೆ. ಮಾವ 2023ರಲ್ಲಿ ತೀರಿಕೊಂಡರು. ಪತಿಯ ಅಣ್ಣ, ಅಂದರೆ ಆಕೆಯ ಭಾವ, ಬೆಂಗಳೂರಿನಲ್ಲಿ ಕಾರ್ಖಾನೆಯೊಂದರ ಕೆಲಸದಲ್ಲಿದ್ದು ಹಬ್ಬ ಹರಿದಿನಕ್ಕೆ ಊರಿಗೆ ಬರುತ್ತಾರೆ. ನಾದಿನಿಯನ್ನು ಮದ್ದೂರಿನ ಕಡೆಗೆ ಕೊಟ್ಟಿದೆ. ಮಾವನ ಹೆಸರಿನಲ್ಲೇ ಉಳಿದಿರುವ ಎರಡು ಎಕರೆ ಚಿಲ್ಲರೆ ಜಮೀನಿನಲ್ಲಿ ಕಬ್ಬು, ಒಂದು ಮೂಲೆಯಲ್ಲಿ ಮನೆ ಖರ್ಚಿಗೆ ರಾಗಿ. ಹಾಲು ಕೊಡುವ ಒಂದು ಹಸು ಇದೆ.

ಫೀಲ್ಡ್‌ನಲ್ಲಿರುವ ಸೈನಿಕರ ಕುಟುಂಬಗಳಿಗೆ ಕೆಲವು ದಂಡುಪ್ರದೇಶಗಳಲ್ಲಿ ಪ್ರತ್ಯೇಕ ಕ್ವಾರ್ಟರ್ಸ್ ಕೊಡುವ ವ್ಯವಸ್ಥೆ ಇದೆ. ಆಕೆ ಅದನ್ನು ಕೇಳಲಿಲ್ಲ. ಅತ್ತೆಯೊಬ್ಬರನ್ನೇ ಊರಿನಲ್ಲಿ ಬಿಡುವಂತಿರಲಿಲ್ಲ, ನಿಂತ ಬೆಳೆಯನ್ನು ಬಿಟ್ಟು ಹೋಗುವಂತೆಯೂ ಇರಲಿಲ್ಲ. ಈ ತೀರ್ಮಾನದ ಬೆಲೆ ಏನೆಂಬುದು ಆಕೆಗೆ ಆಮೇಲೆ ತಿಳಿಯಿತು. 1966ರಲ್ಲಿ ಸ್ಥಾಪನೆಯಾದ ಸೇನಾ ಪತ್ನಿಯರ ಕಲ್ಯಾಣ ಸಂಘದ ಚಟುವಟಿಕೆಗಳಾಗಲಿ, ಘಟಕದ ಕುಟುಂಬ ಸಭೆಗಳಾಗಲಿ, ಪಕ್ಕದ ಮನೆಯವಳ ಗಂಡನೂ ಅದೇ ಘಟಕದಲ್ಲಿದ್ದಾನೆ ಎಂಬ ಧೈರ್ಯವಾಗಲಿ ದಂಡುಪ್ರದೇಶದ ಒಳಗೆ ಸಿಗುವಂಥವು. ಗಂಡನ ಊರಿಗೆ ಬಂದು ನೆಲೆಸಿದ ಹೆಂಡತಿಗೆ ಅವುಗಳಲ್ಲಿ ಬಹುಪಾಲು ಎಟುಕುವುದಿಲ್ಲ. ಕ್ವಾರ್ಟರ್ಸ್‌ನಲ್ಲಿ ಆಕೆ ಹಲವು ಸೈನಿಕರ ಹೆಂಡತಿಯರಲ್ಲಿ ಒಬ್ಬಳಾಗಿದ್ದಳು. ಊರಿನಲ್ಲಿ ‘ಮಿಲಿಟ್ರಿಯವರ ಹೆಂಡ್ತಿ’ ಎಂದರೆ ಆಕೆ ಒಬ್ಬಳೇ.

ದಿನಚರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದು ಆ ಭಾಗದ ಯಾವುದೇ ರೈತ ಮಹಿಳೆಯ ದಿನದಂತೆಯೇ ಇದೆ: ನಸುಕಿನಲ್ಲಿ ಹಾಲು ಕರೆದು ಡೈರಿಗೆ ಹಾಕುವುದು, ಮಕ್ಕಳನ್ನು ಹೊರಡಿಸುವುದು, ಅತ್ತೆಗೆ ಮಾತ್ರೆ, ನಾಲೆಯಲ್ಲಿ ನೀರು ಬಿಟ್ಟಿರುವ ಕಟ್ಟಿನ ದಿನಗಳಲ್ಲಿ ಸರದಿಯಂತೆ ಗದ್ದೆಗೆ ನೀರು ಕಟ್ಟುವುದು. ವ್ಯತ್ಯಾಸ ಇರುವುದು ಸಂಜೆಯಲ್ಲಿ. ಪತಿ ಇರುವ ಕಡೆ ಸಿಗ್ನಲ್ ಸಿಗುವ ಜಾಗಕ್ಕೆ ಅವರು ಇಳಿದು ಬಂದ ದಿನ ಮಾತ್ರ ಫೋನ್ ಬರುತ್ತದೆ, ಅದೂ ಹೊತ್ತು ಗೊತ್ತಿಲ್ಲದೆ ಬರುತ್ತದೆ. ಆದ್ದರಿಂದ ಗದ್ದೆಗೆ ಹೋಗುವಾಗ, ದೇವಸ್ಥಾನಕ್ಕೆ ಹೋಗುವಾಗ, ಸ್ನಾನಕ್ಕೆ ಹೋಗುವಾಗ ಕೂಡ ಫೋನ್ ಕೈಗೆಟುಕುವಂತೆ ಇರಬೇಕು. ಮಾತು ಸಿಕ್ಕಾಗ ಏನು ಹೇಳಬೇಕು, ಏನು ಹೇಳಬಾರದು ಎಂಬ ಲೆಕ್ಕಾಚಾರ ಬೇರೆ. ಮಗನಿಗೆ ಜ್ವರ ಬಂದದ್ದನ್ನು ಅದು ಬಿಟ್ಟ ಮೇಲೆ ಹೇಳುವುದು ಆಕೆಯ ಪದ್ಧತಿ. ಆ ಕಡೆಯಿಂದಲೂ ಇರುವ ಸ್ಥಳದ ಹೆಸರು ಬರುವುದಿಲ್ಲ, ಬರಕೂಡದು. ಪತ್ರ ಬರೆದರೂ ವಿಳಾಸದಲ್ಲಿ ಊರಿರುವುದಿಲ್ಲ. ಹೆಸರು, ಸೈನಿಕ ಸಂಖ್ಯೆ, ಘಟಕ, ಕೊನೆಗೆ 99 ಎಪಿಒ (ಸೇನಾ ಅಂಚೆ ಕಚೇರಿ) ಅಷ್ಟೆ. 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಸೇರಿದಂತೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕುವಂತೆ ಸೇನೆ ತನ್ನ ಸಿಬ್ಬಂದಿಗೆ ಸೂಚಿಸಿದ ಮೇಲೆ, ಸಮವಸ್ತ್ರದಲ್ಲಿರುವ ಗಂಡನ ಫೋಟೊವನ್ನು ತನ್ನ ಸ್ಟೇಟಸ್‌ಗೆ ಹಾಕುವುದನ್ನೂ ಆಕೆ ಬಿಟ್ಟಿದ್ದಾಳೆ.

ಮತ್ತೊಬ್ಬರ ಫೋನಿಗೆ ಬರುವ ಒಟಿಪಿ

ಮೊದಲ ತೊಡಕು ಹಣದ ವಿಷಯದಲ್ಲಿ ಬಂತು, ಹಣವಿಲ್ಲದೆ ಬಂದದ್ದಲ್ಲ. ಸಂಬಳ ತಿಂಗಳ ಕೊನೆಗೆ ತಪ್ಪದೆ ಖಾತೆಗೆ ಬೀಳುತ್ತಿತ್ತು. ಖಾತೆ ಪತಿಯೊಬ್ಬರ ಹೆಸರಿನಲ್ಲಿತ್ತು, ಎಟಿಎಂ ಕಾರ್ಡ್ ಆಕೆಯ ಬಳಿ ಇತ್ತು. ಕಾರ್ಡಿನಿಂದ ಹಣ ತೆಗೆಯುವಷ್ಟಕ್ಕೆ ಎಲ್ಲವೂ ಸರಿಯಿತ್ತು. ಆದರೆ ಕಾರ್ಡಿನ ಅವಧಿ ಮುಗಿದು ಹೊಸದು ಬಂದಾಗ ಪಿನ್ ಹೊಂದಿಸಲು ಬೇಕಾದ ಒಟಿಪಿ, ಗುಡ್ಡದ ಮೇಲೆಲ್ಲೋ ಸಿಗ್ನಲ್ ಇಲ್ಲದೆ ಬಿದ್ದಿದ್ದ ಪತಿಯ ಫೋನಿಗೆ ಹೋಯಿತು. ಅವರು ಅದನ್ನು ನೋಡುವ ಹೊತ್ತಿಗೆ ಅದರ ಆಯಸ್ಸು ಮುಗಿದಿತ್ತು. ಗ್ಯಾಸ್ ಸಂಪರ್ಕ, ಜಮೀನಿನ ಪರಿಹಾರದ ಅರ್ಜಿ, ಮಗಳ ಆಧಾರ್ ತಿದ್ದುಪಡಿ, ಎಲ್ಲಕ್ಕೂ ಅದೇ ಸಂಖ್ಯೆಯನ್ನು ಕೊಡಲಾಗಿತ್ತು. ಬ್ಯಾಂಕಿನಲ್ಲಿ, ಸೇವಾ ಕೇಂದ್ರದಲ್ಲಿ ಆಕೆಗೆ ಸಿಕ್ಕ ಉತ್ತರ ಒಂದೇ: “ಯಜಮಾನ್ರು ಬರ್ಲಿ ಕಣಮ್ಮ, ನಿಮ್ಮಿಂದ ಆಗಲ್ಲ.” ಹೇಳಿದವರು ಕೆಟ್ಟವರಲ್ಲ, ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ. ಆ ಯಜಮಾನರು ಬರುವುದು ಯಾವಾಗ ಎಂಬ ಪ್ರಶ್ನೆಗೆ ಮಾತ್ರ ಯಾರ ಬಳಿಯೂ ಉತ್ತರವಿರಲಿಲ್ಲ. ಜವಾನರಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ ಮತ್ತು 30 ದಿನಗಳ ಸಾಂದರ್ಭಿಕ ರಜೆ ಇದ್ದರೂ, ಅದು ಯಾವಾಗ ಸಿಗುತ್ತದೆ ಎಂಬುದು ಘಟಕದ ಅಗತ್ಯವನ್ನು ಅವಲಂಬಿಸಿರುತ್ತದೆ.

ಮಕ್ಕಳ ಶಿಕ್ಷಣ ಭತ್ಯೆಯ ಕಥೆಯೂ ಇದೇ ಬಗೆಯದು. 2024ರ ಜನವರಿಯಿಂದ ಅದು ಒಂದು ಮಗುವಿಗೆ ತಿಂಗಳಿಗೆ 2,812.50 ರೂಪಾಯಿ. ಅದನ್ನು ಪಡೆಯಲು ಶಾಲೆಯ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ ಪತಿಯ ಮೂಲಕ ಘಟಕದ ಕಚೇರಿಗೆ ತಲುಪಬೇಕು. ಶಾಲೆಯವರು ಕೊಟ್ಟ ಪತ್ರದಲ್ಲಿ ಮಗಳ ಹೆಸರಿನ ಒಂದು ಅಕ್ಷರ, ಸೈನಿಕನ ಕುಟುಂಬದ ವಿವರಗಳಿರುವ ಸೇನಾ ದಾಖಲೆಯಾದ ಪಾರ್ಟ್ ಟು ಆರ್ಡರ್‌ನಲ್ಲಿ ದಾಖಲಾಗಿದ್ದ ಹೆಸರಿಗಿಂತ ಬೇರೆಯಿತ್ತು. ಆ ಒಂದು ಅಕ್ಷರಕ್ಕಾಗಿ ಪತ್ರ ಎರಡು ಸಲ ಹಿಂದಿರುಗಿತು.

ಸಮನ್ಸ್ ಬಂದ ಮೇಲೆ

2025ರ ಮಾರ್ಚ್‌ನಲ್ಲಿ ತಾಲ್ಲೂಕು ಕೇಂದ್ರದ ಸಿವಿಲ್ ನ್ಯಾಯಾಲಯದ ಅಮೀನರು ಮನೆ ಬಾಗಿಲಿಗೆ ಬಂದರು. ಮಾವನ ಅಣ್ಣನ ಮಗ, ಅಂದರೆ ದಾಯಾದಿ, ಪಾಲು ವಿಭಾಗದ ದಾವೆ ಹೂಡಿದ್ದರು. ಬಹಳ ಹಿಂದೆ ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಆಗಿದ್ದ ಪಾಲು ಸಮನಾಗಿಲ್ಲ, ನೋಂದಾಯಿತ ಪಾಲು ಪಾರೀಕತ್ತು (ವಿಭಾಗ ಪತ್ರ) ಇಲ್ಲದ ಕಾರಣ ಮತ್ತೆ ವಿಭಾಗವಾಗಬೇಕು ಎಂಬುದು ಅವರ ವಾದ. ಅತ್ತೆ, ಭಾವ, ನಾದಿನಿ ಮತ್ತು ಪತಿ ಪ್ರತಿವಾದಿಗಳು. ಅದರ ಜೊತೆಗೆ, ಗದ್ದೆಯಲ್ಲಿ ನಿಂತಿರುವ ಕಬ್ಬನ್ನು ಕಟಾವು ಮಾಡದಂತೆ ತಡೆಯಾಜ್ಞೆ ಕೋರುವ ಅರ್ಜಿಯೂ ಇತ್ತು. ಮಾವ ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸದೆ ಹೋದದ್ದರಿಂದ ಪಹಣಿಯಲ್ಲಿ ಇನ್ನೂ ಮಾವನ ಹೆಸರೇ ಇತ್ತು. ವಂಶವೃಕ್ಷದ ಅರ್ಜಿ ನಾಡಕಚೇರಿಯಲ್ಲಿತ್ತು.

ಆಕೆ ಪ್ರತಿವಾದಿಯಲ್ಲ. ಆದರೆ ಪತಿಯ ಪ್ರತಿಯನ್ನು ಅಮೀನರು ಕೊಟ್ಟದ್ದು ಆಕೆಯ ಕೈಗೆ. ಊರಿನಲ್ಲಿ ಸಲಹೆಗಳಿಗೆ ಕೊರತೆಯಿರಲಿಲ್ಲ: ಸಹಿ ಹಾಕಬಾರದಿತ್ತು ಎಂದರು ಕೆಲವರು, ಸೈನಿಕನ ಮೇಲೆ ಯಾರೂ ಕೇಸು ಹಾಕುವಂತಿಲ್ಲ ಎಂದರು ಇನ್ನು ಕೆಲವರು. “ತಮ್ಮ ಬರ್ಲಿ, ನೋಡ್ಕೊಳೋಣ” ಎಂದು ಭಾವ ಫೋನಿಟ್ಟರು. ಮೊದಲು ಕಂಡ ವಕೀಲರು ಸಹ ಪತಿಯ ಸಹಿಯಿಲ್ಲದೆ ವಕಾಲತ್ತು ಹಾಕಲಾಗದು ಎಂದು ಹೇಳಿ ಕಳಿಸಿದರು. ಸಮನ್ಸ್ ತಲುಪಿದ ದಿನದಿಂದ 30 ದಿನಗಳೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಬೇಕು, ಸಕಾರಣವಿದ್ದರೆ ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಹಾಜರಾಗದೆ ಹೋದರೆ ಏಕಪಕ್ಷೀಯ ವಿಚಾರಣೆಯ ಭಯ. ಆ ವಾರ ಪತಿಯ ಫೋನ್ ಬರಲೇ ಇಲ್ಲ.

ಈ ಹಂತದಲ್ಲಿ ಆಕೆ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಮೈಸೂರಿಗೆ ಬಂದು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರು. ಅಲ್ಲಿಂದ ಕಾನೂನು ಸೇವಾ ಪ್ರಾಧಿಕಾರದ ದಾರಿ ತಿಳಿಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಅತ್ತೆ ಸ್ವತಃ ಪ್ರತಿವಾದಿಯಾಗಿದ್ದುದರಿಂದ ಅರ್ಜಿ ಅವರ ಹೆಸರಿನಲ್ಲಿ ಹೋಯಿತು. ನಿಯೋಜಿತರಾದ ವಕೀಲರು ಕಡತವನ್ನು ಓದಿದ ಮೇಲೆ ಹೇಳಿದ ಮೂರು ವಿಷಯಗಳನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಸೈನಿಕರ ಮನೆಗಳಲ್ಲಿ ಇವು ಗೊತ್ತಿರುವುದು ತೀರ ಅಪರೂಪ, ಗೊತ್ತಿರಲೇಬೇಕಾದವು.

ಮೊದಲನೆಯದು ಸಮನ್ಸಿನ ಬಗ್ಗೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 28ನೇ ನಿಯಮದಂತೆ, ಪ್ರತಿವಾದಿ ಸೈನಿಕನಾಗಿದ್ದರೆ ನ್ಯಾಯಾಲಯ ಸಮನ್ಸನ್ನು ಆತನ ಕಮಾಂಡಿಂಗ್ ಆಫೀಸರಿಗೆ ಕಳುಹಿಸಬೇಕು. ವಾದಪತ್ರದಲ್ಲಿ ಪತಿಯನ್ನು ಬರಿಯ ‘ವ್ಯವಸಾಯ’ ಎಂದು ತೋರಿಸಲಾಗಿತ್ತು. ಅವರು ಸೇನೆಯಲ್ಲಿದ್ದಾರೆಂಬುದನ್ನು ದಾಖಲೆಸಹಿತ ನ್ಯಾಯಾಲಯದ ಗಮನಕ್ಕೆ ತರುವುದು ಮೊದಲ ಕೆಲಸವಾಯಿತು.

ಎರಡನೆಯದು 1925ರ ಭಾರತೀಯ ಸೈನಿಕರ ದಾವೆಗಳ ಕಾಯ್ದೆ. ಸೈನಿಕನ ಮೇಲೆ ದಾವೆಯನ್ನೇ ಹೂಡುವಂತಿಲ್ಲ ಎಂಬ ಊರಿನ ಮಾತು ಹುಟ್ಟಿದ್ದು ಈ ಕಾಯ್ದೆಯ ಅರೆಬರೆ ತಿಳಿವಳಿಕೆಯಿಂದ ಇರಬೇಕು. ಕಾಯ್ದೆ ಹೇಳುವುದು ಅದಲ್ಲ. ಯುದ್ಧ ಪರಿಸ್ಥಿತಿಯಲ್ಲೋ ಅಥವಾ ಕಾಯ್ದೆ ಗುರುತಿಸುವ ಇತರ ವಿಶೇಷ ಪರಿಸ್ಥಿತಿಯಲ್ಲೋ ಸೇವೆಯಲ್ಲಿದ್ದು ಹಾಜರಾಗಲು ಸಾಧ್ಯವಿಲ್ಲದ ಸೈನಿಕನ ಪರವಾಗಿ ಜಿಲ್ಲಾಧಿಕಾರಿಯವರು ಆ ಸಂಗತಿಯನ್ನು ನ್ಯಾಯಾಲಯಕ್ಕೆ ಪ್ರಮಾಣೀಕರಿಸಬಹುದು. ಆತನಿಗೆ ಅಧಿಕೃತ ಪ್ರತಿನಿಧಿ ಇಲ್ಲದಿದ್ದರೆ ನ್ಯಾಯಾಲಯ ಪ್ರಕರಣವನ್ನು ತಡೆಹಿಡಿದು ಸೇನೆಯ ನಿಗದಿತ ಅಧಿಕಾರಿಗೆ ತಿಳಿಸುತ್ತದೆ. ಅಂಥ ಅವಧಿಯಲ್ಲಿ ಆತನ ವಿರುದ್ಧ ಆದ ಡಿಕ್ರಿಯನ್ನು ರದ್ದುಪಡಿಸುವಂತೆ ಕೋರುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.

ಮೂರನೆಯದು ಅದೇ ಸಂಹಿತೆಯ 28ನೇ ಆದೇಶ. ರಜೆ ಸಿಗದ ಸೈನಿಕ ತನ್ನ ಪರವಾಗಿ ದಾವೆ ನಡೆಸಲು ಬೇರೊಬ್ಬರಿಗೆ ಅಧಿಕಾರ ಕೊಡಬಹುದು. ಆ ಅಧಿಕಾರ ಬರಹದಲ್ಲಿರಬೇಕು, ಕಮಾಂಡಿಂಗ್ ಆಫೀಸರ ಎದುರಿನಲ್ಲಿ ಸಹಿಯಾಗಬೇಕು, ಅವರು ಮೇಲುಸಹಿ ಮಾಡಬೇಕು, ಮೂಲಪ್ರತಿ ನ್ಯಾಯಾಲಯಕ್ಕೆ ಸಲ್ಲಿಕೆಯಾಗಬೇಕು. ಹಾಗೆ ಅಧಿಕಾರ ಪಡೆದವರು ತಾವೇ ಹಾಜರಾಗಬಹುದು ಅಥವಾ ವಕೀಲರನ್ನು ನೇಮಿಸಬಹುದು. ಅಂದರೆ ಗಂಡ ಊರಿಗೆ ಬರಬೇಕಾಗಿಲ್ಲ, ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಬೇರೊಬ್ಬರಿಗೆ ಸಹಿಯ ಅಧಿಕಾರ ಕೊಡುವ ಮುಖ್ತಾರ್‌ನಾಮೆಯನ್ನೂ ಮಾಡಿಸಬೇಕಾಗಿಲ್ಲ. ದಾವೆಯ ಮಟ್ಟಿಗೆ ಘಟಕದ ಕಚೇರಿಯಲ್ಲಿ ಆದ ಒಂದು ಸಹಿ ಸಾಕು.

ಎರಡನೆಯ ದಾರಿಯೋ ಮೂರನೆಯದೋ ಎಂಬ ಆಯ್ಕೆ ಬಂದಾಗ ಆಕೆ ತೆಗೆದುಕೊಂಡ ತೀರ್ಮಾನ ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡಿದೆ. ಪ್ರಕರಣವನ್ನು ತಡೆಹಿಡಿಸಿ ಪತಿಯ ರಜೆಯವರೆಗೆ ಕಾಯುವುದು ಸುಲಭವಾಗಿ ತೋರುತ್ತಿತ್ತು. ಅತ್ತೆಯ ಒಲವೂ ಅತ್ತಲೇ ಇತ್ತು. ಆದರೆ ಕಬ್ಬು ಕಾಯುವುದಿಲ್ಲ. ಮಳೆಗಾಲದ ಹೊತ್ತಿಗೆ ಕಾರ್ಖಾನೆಗಳು ಅರೆಯಲು ಆರಂಭಿಸಿ ಕಟಾವಿನ ಪರ್ಮಿಟ್ ಬಂದಾಗ ತಡೆಯಾಜ್ಞೆಯ ವಿಷಯ ಇತ್ಯರ್ಥವಾಗದೆ ನಿಂತಿದ್ದರೆ, ಒಣಗುವ ಕಬ್ಬು ದಿನದಿನಕ್ಕೂ ತೂಕ ಕಳೆದುಕೊಳ್ಳುತ್ತದೆ. ಆ ಬೆಳೆಯ ಮೇಲೆ ಸಹಕಾರ ಸಂಘದ ಸಾಲವಿತ್ತು. ದಾವೆಯನ್ನು ನಿಲ್ಲಿಸುವುದಕ್ಕಿಂತ ನಡೆಸುವುದೇ ಮೇಲು ಎಂದು ಆಕೆ ವಕೀಲರಿಗೆ ಹೇಳಿದಳು. ಎಸ್‌ಎಸ್‌ಎಲ್‌ಸಿವರೆಗೆ ಓದಿದ, ಅದುವರೆಗೆ ನ್ಯಾಯಾಲಯದ ಮೆಟ್ಟಿಲು ಹತ್ತದ ಒಬ್ಬಾಕೆ ಕಾನೂನಿನ ಎರಡು ದಾರಿಗಳನ್ನು ಬೆಳೆಯ ಅವಧಿಯೊಂದಿಗೆ ತೂಗಿ ನೋಡಿ ಈ ನಿರ್ಧಾರಕ್ಕೆ ಬಂದದ್ದನ್ನು ನಾನು ಗೌರವದಿಂದ ದಾಖಲಿಸುತ್ತಿದ್ದೇನೆ.

ವಕೀಲರು ಸಿದ್ಧಪಡಿಸಿದ ಕರಡನ್ನು ಏಪ್ರಿಲ್ ಮಧ್ಯದಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಲಾಯಿತು. ನ್ಯಾಯಾಲಯ ಕಾಲಾವಕಾಶ ಕೊಟ್ಟಿತು.

ಏಪ್ರಿಲ್ 22ರಿಂದ ಮೇ 10ರವರೆಗೆ

ಆ ಪತ್ರ ದಾರಿಯಲ್ಲಿದ್ದಾಗಲೇ ಪಹಲ್ಗಾಮ್ ದಾಳಿ ನಡೆಯಿತು. ಮೇ 7ರಂದು ಆಪರೇಷನ್ ಸಿಂಧೂರ ಆರಂಭವಾಗಿ 10ರ ಸಂಜೆ ಕದನ ವಿರಾಮ ಘೋಷಣೆಯಾಗುವವರೆಗಿನ ದಿನಗಳಲ್ಲಿ, ಪತಿ ಇದ್ದದ್ದು ದೇಶದ ಇನ್ನೊಂದು ತುದಿಯ ಗಡಿಯಲ್ಲಾದರೂ, ಅವರಿಂದ ಒಂದು ಕರೆಯೂ ಬರಲಿಲ್ಲ. ಮನೆಗೆ ಬರುವ ಜನ ಮಾತ್ರ ಹೆಚ್ಚಾದರು. ಅವರು ಒಳ್ಳೆಯ ಮನಸ್ಸಿನಿಂದಲೇ ಬಂದರು, ಆದರೆ ಪ್ರತಿಯೊಬ್ಬರೂ ‘ಫೋನ್ ಬಂತಾ’ ಎಂದು ಕೇಳಿದಾಗಲೆಲ್ಲ ಅತ್ತೆಯ ಎದೆ ಹೊಡೆದುಕೊಳ್ಳುತ್ತಿತ್ತು. ಮಂಡ್ಯ ಜಿಲ್ಲೆಗೆ ಈ ಭಯ ಬರಿಯ ಊಹೆಯಲ್ಲ. 2019ರ ಫೆಬ್ರವರಿ 14ರ ಪುಲ್ವಾಮಾ ದಾಳಿಯಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಸಿಆರ್‌ಪಿಎಫ್ ಯೋಧ ಹೆಚ್. ಗುರು ಅವರು ಪ್ರಾಣ ತೆತ್ತದ್ದನ್ನು ಈ ಭಾಗದ ಯಾವ ಮನೆಯೂ ಮರೆತಿಲ್ಲ. ನಾದಿನಿಯ ಗಂಡನ ಮನೆ ಅದೇ ತಾಲ್ಲೂಕಿನದು.

ಆಕೆ ಆ ದಿನಗಳಲ್ಲಿ ಮಾಡಿದ್ದು ಎರಡೇ ಕೆಲಸ. ಟಿವಿಯ ಕೇಬಲ್ ಕಳಚಿಟ್ಟಳು, ಮತ್ತು ಪತಿ ಹೊರಡುವ ಮೊದಲು ಬರೆದುಕೊಟ್ಟಿದ್ದ, ಘಟಕದ ಹಿಂದಿನ ನೆಲೆಯಲ್ಲಿ ಉಳಿದಿದ್ದ ಸುಬೇದಾರರ ಸಂಖ್ಯೆಗೆ ಒಮ್ಮೆ ಕರೆ ಮಾಡಿದಳು. “ಎಲ್ಲಾ ಚೆನ್ನಾಗಿದ್ದಾರೆ ತಂಗಿ, ನೆಟ್‌ವರ್ಕ್ ಇಲ್ಲ ಅಷ್ಟೆ” ಎಂಬ ಒಂದು ವಾಕ್ಯ ಸಿಕ್ಕಿತು. ಹಳ್ಳಿಯಲ್ಲಿರುವ ಪ್ರತಿಯೊಂದು ಸೈನಿಕ ಕುಟುಂಬದ ಬಳಿಯೂ ಇಂಥ ಒಂದು ಸಂಖ್ಯೆ ಇರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಮೇಲುಸಹಿಯಾದ ಅಧಿಕಾರ ಪತ್ರ ಮೇ ತಿಂಗಳ ಕೊನೆಯ ವಾರ ಮನೆಗೆ ಬಂತು. 90 ದಿನಗಳ ಗಡುವಿನೊಳಗೆ ಲಿಖಿತ ಹೇಳಿಕೆ ಸಲ್ಲಿಕೆಯಾಯಿತು. ತಡೆಯಾಜ್ಞೆಯ ಅರ್ಜಿಯ ಮೇಲೆ ವಾದ ನಡೆದು, ಕಟಾವಿಗೆ ಅವಕಾಶ ಸಿಕ್ಕಿತು. ಬಂದ ಹಣದ ಲೆಕ್ಕವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕೆಂಬ ಷರತ್ತಿತ್ತು. ಕಬ್ಬು ಆಗಸ್ಟ್‌ನಲ್ಲಿ ಕಾರ್ಖಾನೆಗೆ ಹೋಯಿತು. ಹಣ 14 ದಿನಗಳೊಳಗೆ ಬರಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಅದು ಬಂದದ್ದು ತಡವಾಗಿ, ಬಂದ ಮೇಲೆ ಲೆಕ್ಕ ಸಲ್ಲಿಕೆಯಾಯಿತು.

ಈ ನಡುವೆ ಜುಲೈನಲ್ಲಿ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಮುಂಗೈ ಮೂಳೆ ಮುರಿದುಕೊಂಡರು. ಅವಲಂಬಿತರಿಗೆ ಸೇನಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಇದೆ, ಆದರೆ ಆಕೆಗೆ ಗೊತ್ತಿದ್ದ ಕಮಾಂಡ್ ಆಸ್ಪತ್ರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿದೆ. ನೋವಿನಲ್ಲಿರುವ ಮುದುಕಿಯನ್ನು ಅಷ್ಟು ದೂರ ಒಯ್ಯದೆ ಮೈಸೂರಿನಲ್ಲೇ ಕೈಗೆ ಕಟ್ಟು ಹಾಕಿಸಿದರು, ಖರ್ಚನ್ನು ತಾವೇ ಭರಿಸಿದರು.

ರಜೆಯ ದಿನಗಳು

ಪತಿ ನವೆಂಬರ್‌ನಲ್ಲಿ ರಜೆಗೆ ಬಂದರು. ದೂರವಿದ್ದಾಗಿನ ಕಷ್ಟಗಳನ್ನು ಹೇಳಿದಷ್ಟು ಸಲೀಸಾಗಿ ಆಕೆ ಈ ದಿನಗಳ ಬಗ್ಗೆ ಹೇಳಲಿಲ್ಲ. ಮೊದಲ ವಾರ ಹಬ್ಬದಂತಿತ್ತು. ಆಮೇಲೆ ಸಣ್ಣ ಸಣ್ಣ ಇರುಸುಮುರುಸುಗಳು ಬಂದವು: ಅಪ್ಪ ಹೂಂ ಎಂದ ಮೇಲೂ ಮಗಳು ಬಂದು ಅಮ್ಮನನ್ನು ಕೇಳುತ್ತಿದ್ದಳು, ಮನೆಯ ಲೆಕ್ಕದ ಪುಸ್ತಕ ನೋಡಿ ಪತಿ ಕೇಳಿದ ಪ್ರಶ್ನೆಗಳು ಆಕೆಗೆ ವಿಚಾರಣೆಯಂತೆ ಕೇಳಿಸಿದವು, ಅದುವರೆಗೆ ಪ್ರತಿಯೊಂದಕ್ಕೂ ಸೊಸೆಯನ್ನು ಕರೆಯುತ್ತಿದ್ದ ಅತ್ತೆ ಈಗ ಮಗನನ್ನೇ ಕರೆಯತೊಡಗಿದರು. ದಾವೆಯ ಬಗ್ಗೆ ಮಾತನಾಡಲು ಊರಿನ ಹಿರಿಯರು ಬಂದು ಜಗಲಿಯ ಮೇಲೆ ಕುಳಿತಾಗ, ನ್ಯಾಯಾಲಯದ ದಾಖಲೆಯಲ್ಲಿ ಅಧಿಕೃತ ಪ್ರತಿನಿಧಿಯಾಗಿದ್ದ ಆಕೆ ಒಳಗೆ ಕಾಫಿ ಕಾಯಿಸುತ್ತಿದ್ದಳು. ಅವರ ರಾಜಿ ಸೂತ್ರಕ್ಕೆ ಪತಿ ಹೆಚ್ಚುಕಡಿಮೆ ಒಪ್ಪಿಯೂ ಬಿಟ್ಟಿದ್ದರು. ಆ ಸೂತ್ರದಲ್ಲಿ ನಾಲೆಯ ತೂಬಿನ ಕಡೆಯ ತುಂಡು ಕೈಬಿಟ್ಟು ಹೋಗುತ್ತದೆಂದು, ಸರದಿಯ ನೀರು ಕಟ್ಟಿ ಗೊತ್ತಿದ್ದ ಆಕೆ ರಾತ್ರಿ ವಿವರಿಸಿದ ಮೇಲೆ ಅವರು ಹಿಂದೆ ಸರಿದರು. ಮರುದಿನ ವಕೀಲರ ಕಚೇರಿಯಲ್ಲಿ “ಅವಳನ್ನೇ ಕೇಳಿ ಸಾರ್, ಕೇಸು ನಡೆಸಿರೋದು ಅವಳು” ಎಂದರಂತೆ. ಇದನ್ನು ಹೇಳುವಾಗ ಆಕೆಯ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಕಂಡಿದ್ದೇನೆ.

ಅದೇ ರಜೆಯಲ್ಲಿ ಉಳಿದ ಕಾಗದಗಳ ಕೆಲಸವೂ ನಡೆಯಿತು. ಸಂಬಳದ ಖಾತೆಯನ್ನು ಜಂಟಿ ಖಾತೆ ಮಾಡಿಸಿ, ಆಕೆಗೆ ಪ್ರತ್ಯೇಕ ಕಾರ್ಡ್ ಮತ್ತು ಆಕೆಯದೇ ಫೋನ್ ಸಂಖ್ಯೆಯ ಸೌಲಭ್ಯ ಪಡೆದರು. ಜಮೀನು, ನೋಂದಣಿ ಮುಂತಾದ ದಾವೆಯ ಹೊರಗಿನ ವ್ಯವಹಾರಗಳಿಗೆ ಬೇಕಾದ ಮುಖ್ತಾರ್‌ನಾಮೆಯನ್ನು ಉಪನೋಂದಣಾಧಿಕಾರಿಯ ಎದುರಿನಲ್ಲೇ ಮಾಡಿಸಿದರು, ಏಕೆಂದರೆ 1908ರ ನೋಂದಣಿ ಕಾಯ್ದೆಯ 33ನೇ ಕಲಮು ಅದನ್ನು ಬಯಸುತ್ತದೆ. ಶಾಲೆಯ ದಾಖಲೆಯಲ್ಲಿ ಮಗಳ ಹೆಸರು ತಿದ್ದುಪಡಿಯಾಯಿತು. ಇವೆಲ್ಲವೂ 2024ರ ಆಗಸ್ಟ್‌ಗೆ ಮೊದಲೇ ಆಗಬಹುದಾಗಿದ್ದ ಕೆಲಸಗಳು. ಫೀಲ್ಡ್‌ಗೆ ಹೊರಡುವ ಸೈನಿಕನಿಗೆ ಸಾಮಾನು ಸರಂಜಾಮಿನ ಪಟ್ಟಿ ಇರುತ್ತದೆ. ಮನೆಯಲ್ಲಿ ಉಳಿಯುವವಳ ಕೈಯಲ್ಲಿ ಇರಬೇಕಾದ ಕಾಗದಗಳನ್ನೂ ಅಷ್ಟೇ ಕಟ್ಟುನಿಟ್ಟಾಗಿ ಘಟಕವೇ ಪರಿಶೀಲಿಸಿ ಕಳುಹಿಸಬೇಕು ಎಂಬುದು ನನ್ನ ಅಭಿಪ್ರಾಯ. 2025ರ ಜುಲೈ 26ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಆರಂಭಿಸಿದ ವೀರ ಪರಿವಾರ ಸಹಾಯತಾ ಯೋಜನೆ ಸೈನಿಕ ಮಂಡಳಿಗಳಲ್ಲಿ ಕಾನೂನು ನೆರವಿನ ಕೇಂದ್ರಗಳನ್ನು ತೆರೆಯುವ ಉದ್ದೇಶ ಹೊಂದಿದೆ. ಅದು ಮಾರ್ಚ್‌ನಲ್ಲೇ ಇದ್ದಿದ್ದರೆ ಈಕೆಯ ಅಲೆದಾಟ ಬಹಳಷ್ಟು ತಪ್ಪುತ್ತಿತ್ತು. ಆದರೆ ನೆರವು ಜಿಲ್ಲಾ ಕೇಂದ್ರದಲ್ಲಿ ಇದ್ದರೆ ಸಾಲದು, ಅದು ಇದೆ ಎಂಬ ಮಾಹಿತಿ ಗ್ರಾಮ ಪಂಚಾಯಿತಿಯ ಗೋಡೆಯವರೆಗೂ ಬರಬೇಕು.

ಸದ್ಯದ ಸ್ಥಿತಿ

ದಾವೆ ಈಗ ಸಾಕ್ಷ್ಯದ ಹಂತದಲ್ಲಿದೆ; ಪೌತಿ ಖಾತೆ ಅದರ ತೀರ್ಪಿಗೆ ಕಾದಿದೆ. ಪತಿ ಡಿಸೆಂಬರ್ ಕೊನೆಯಲ್ಲಿ ಘಟಕಕ್ಕೆ ಮರಳಿದ್ದಾರೆ. ಮುಂದಿನ ವರ್ಷ ಘಟಕ ಮತ್ತೆ ಪೀಸ್ ಸ್ಟೇಷನ್ನಿಗೆ ಬಂದಾಗ ಕುಟುಂಬವನ್ನು ಕರೆದೊಯ್ಯಬೇಕೆಂಬುದು ಅವರ ಆಸೆ, ಮಕ್ಕಳಿಗೂ ಅದೇ ಬೇಕು. ತನ್ನ ಕಡೆಯ ಸಾಕ್ಷ್ಯ ಮುಗಿಯುವವರೆಗೆ ಊರು ಬಿಡುವುದಿಲ್ಲವೆಂದು ಆಕೆ ಹೇಳಿದ್ದಾಳೆ. ಇಬ್ಬರ ನಡುವೆ ಆ ಮಾತು ಇನ್ನೂ ತೀರ್ಮಾನವಾಗಿಲ್ಲ.